ಯೋಸೇಫನೆಂಬ ಹೆಸರು ಮತ್ತು ಅದನ್ನು ಹೊತ್ತವರು

ಕೃಷ್ಣೆಯೂ ದೂಧಗಂಗೆಯೂ ಹರಿಯುವ ನಮ್ಮ ಚಿಕ್ಕೋಡಿ ಸೀಮೆಯಲ್ಲಿ, ಕರೋಶಿಯಂತಹ ಊರುಗಳಿಂದ ಹಿಡಿದು ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪೇಟೆಗಳವರೆಗೆ, ಯೂಸುಫನೆಂಬ ಹೆಸರನ್ನು ಹೊರಗಿನದೆಂದು ಯಾರೂ ಎಣಿಸುವುದಿಲ್ಲ. ಯೂಸೂಬಸಾಹೇಬರೆಂದೋ ಯೂಸೂಬಣ್ಣನೆಂದೋ ಕರೆದು ಅದನ್ನು ಕನ್ನಡದ ಬಾಯಿಗೆ ಒಗ್ಗಿಸಿಕೊಂಡು ಎಷ್ಟೋ ತಲೆಮಾರುಗಳು ಸಂದುಹೋಗಿವೆ. ಇದೇ ಸೀಮೆಯ ಕ್ರೈಸ್ತ ಮನೆಗಳಲ್ಲಿ ಆ ಹೆಸರು ಯೋಸೇಫ ಅಥವಾ ಜೋಸೆಫ ಎಂದಾಗುತ್ತದೆ. ಘಟ್ಟವಿಳಿದು ಕರಾವಳಿಗೆ ಹೋದರೆ ಕೊಂಕಣಿ ಮಾತಾಡುವ ಕಥೋಲಿಕರಲ್ಲಿ ಜುಜೆ, ಬ್ಯಾರಿಗಳಲ್ಲಿ ಇಸುಬು. ಒಂದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಅಕ್ಕಪಕ್ಕದ ಸಾಲುಗಳಲ್ಲಿ ಬರೆಯಿಸಿಕೊಂಡ ಇಬ್ಬರು ಹುಡುಗರು ತಮ್ಮಿಬ್ಬರ ಹೆಸರೂ ಒಂದೇ ಎಂಬುದನ್ನು ಅರಿಯದೆಯೇ ಶಾಲೆ ಮುಗಿಸಿ ಹೋಗುವುದು ಸಾಧ್ಯ. ಹೀಗೆ ನಮ್ಮ ನಡುವೆಯೇ ಬಹುರೂಪದಿಂದ ಬಾಳುತ್ತಿರುವ ಈ ಹೀಬ್ರೂ ಅಂಕಿತನಾಮದ ಅರ್ಥವೇನು, ಶ್ರುತಿಗ್ರಂಥಗಳಲ್ಲಿ ಅದನ್ನು ಧರಿಸಿದವರು ಯಾರು, ಅದು ಯಾವ ಯಾವ ದಾರಿಯಿಂದ ಕನ್ನಡನಾಡನ್ನು ಪ್ರವೇಶಿಸಿತು ಎಂಬ ಪ್ರಶ್ನೆಗಳನ್ನು ಒಟ್ಟಿಗೆ ಇರಿಸಿಕೊಂಡು ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ.

ಮೊದಲು ಅರ್ಥ. ಆದಿಕಾಂಡದ ಮೂವತ್ತನೆಯ ಅಧ್ಯಾಯದಲ್ಲಿ, ಅಕ್ಕ ಲೇಯಳು ಸಾಲಾಗಿ ಮಕ್ಕಳನ್ನು ಹೆರುತ್ತಿದ್ದರೂ ತಾನು ಮಾತ್ರ ಬಂಜೆಯೆಂಬ ಅಪವಾದವನ್ನು ಹೊತ್ತು ಕೊರಗುತ್ತಿದ್ದ ರಾಹೇಲಳು ಕೊನೆಗೊಮ್ಮೆ ಗಂಡುಮಗುವನ್ನು ಹೆತ್ತಾಗ ಆಡಿದ ಎರಡು ಮಾತುಗಳಿವೆ. ದೇವರು ತನ್ನ ಅವಮಾನವನ್ನು ತೆಗೆದುಬಿಟ್ಟನೆಂಬುದು ಮೊದಲನೆಯದು. ಆತನು ತನಗೆ ಇನ್ನೊಬ್ಬ ಮಗನನ್ನು ಕೂಡಿಸಿಕೊಡಲಿ ಎಂಬುದು ಎರಡನೆಯದು. ಹೀಬ್ರೂವಿನಲ್ಲಿ ತೆಗೆಯುವುದನ್ನು ಹೇಳುವ ‘ಆಸಫ್’ ಧಾತುವೂ ಕೂಡಿಸುವುದನ್ನು ಹೇಳುವ ‘ಯಾಸಫ್’ ಧಾತುವೂ ಧ್ವನಿಯಲ್ಲಿ ಬಹಳ ಸಮೀಪದವು. ಶ್ರುತಿಕಾರನು ಎರಡನ್ನೂ ಒಂದೇ ಉಸಿರಿನಲ್ಲಿ ಹೆಸರಿನ ನಿಷ್ಪತ್ತಿಗಾಗಿ ಮುಂದಿಡುತ್ತಾನೆ. ವ್ಯಾಕರಣದ ದೃಷ್ಟಿಯಿಂದ ಸಾಧುವಾದುದು ಎರಡನೆಯದೇ: ಯೋಸೇಫ ಎಂದರೆ ‘ಆತನು ಕೂಡಿಸಲಿ’. ಇಲ್ಲಿ ‘ಆತನು’ ಎಂಬ ಕರ್ತೃಪದ ದೇವರನ್ನು ಕುರಿತದ್ದು. 81ನೆಯ ಕೀರ್ತನೆಯಲ್ಲಿ ಒಮ್ಮೆ ‘ಯೆಹೋಸೇಫ’ ಎಂಬ ದೀರ್ಘರೂಪವೂ ಕಾಣಿಸಿಕೊಂಡಿದೆ. ಎಜ್ರನ ಗ್ರಂಥದ ಯೋಸಿಫ್ಯ ಎಂಬ ಹೆಸರು ಇದೇ ಧಾತುವಿನ ಕೂಸು. ಕೀರ್ತನಕಾರನಾದ ಆಸಾಫನ ಹೆಸರು ಆ ಮತ್ತೊಂದು ಧಾತುವಿನದು.

ವ್ಯಾಕರಣಕಾರರು ಮೊದಲನೆಯ ನಿಷ್ಪತ್ತಿಯನ್ನು ಜನಪದ ಕಲ್ಪನೆಯೆಂದು ಬದಿಗಿಡುವುದು ವಾಡಿಕೆಯಾದರೂ ಹಾಗೆ ಬದಿಗಿಡುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ. ಮುಂದಿನ ಕಥೆಯನ್ನೆಲ್ಲ ನಡೆಸುವುದು ಈ ಎರಡು ಕ್ರಿಯೆಗಳೇ. ತಂದೆ ಯಾಕೋಬನ ಪ್ರೀತಿಪಾತ್ರನಾದ ಮಗನು ಹದಿನೇಳನೆಯ ವಯಸ್ಸಿನಲ್ಲಿ ಅಣ್ಣಂದಿರಿಂದ ನೀರಿಲ್ಲದ ಬಾವಿಗೆ ತಳ್ಳಲ್ಪಟ್ಟು, ಇಪ್ಪತ್ತು ಬೆಳ್ಳಿಯ ನಾಣ್ಯಗಳಿಗೆ ಮಾರಲ್ಪಟ್ಟು, ಮನೆಯಿಂದ ‘ತೆಗೆಯಲ್ಪಡುತ್ತಾನೆ’. ಅಪರಿಚಿತವಾದ ಐಗುಪ್ತ ದೇಶಕ್ಕೆ ‘ಕೂಡಿಸಲ್ಪಡುತ್ತಾನೆ’. ಮೂವತ್ತನೆಯ ವಯಸ್ಸಿಗೆ ಫರೋಹನ ಮುಂದೆ ನಿಂತು, ಕನಸುಗಳ ಅರ್ಥವನ್ನು ಬಿಡಿಸಿ, ಏಳು ವರ್ಷಗಳ ಸುಭಿಕ್ಷದಲ್ಲಿ ಧಾನ್ಯವನ್ನು ಸಂಗ್ರಹಿಸಿ, ಏಳು ವರ್ಷಗಳ ಬರಗಾಲದಲ್ಲಿ ಅನ್ಯರ ನಾಡನ್ನೂ ತನ್ನನ್ನು ಮಾರಿದವರನ್ನೂ ಸಮಾನವಾಗಿ ಸಲಹುತ್ತಾನೆ. ಆ ನಾಡಿನವರು ಅವನಿಗೆ ಸಾಫ್ನತ್ಪನ್ನೇಹ ಎಂಬ ಬೇರೊಂದು ಹೆಸರನ್ನೇ ಇಟ್ಟರು. ಅದು ಅವನೊಡನೆಯೇ ಅಳಿಯಿತು, ತಾಯಿಯಿಟ್ಟದ್ದು ಉಳಿಯಿತು. ಅವನು ತನ್ನ ಮಕ್ಕಳಿಗಿಟ್ಟ ಹೆಸರುಗಳಲ್ಲಿಯೂ ಈ ದ್ವಂದ್ವವೇ ಇದೆ: ಹಿರಿಯವನಾದ ಮನಸ್ಸೆಯದು ತವರಿನ ದುಃಖವನ್ನು ಮರೆಯಿಸಿದ ಹೆಸರು, ಕಿರಿಯವನಾದ ಎಫ್ರಾಯೀಮನದು ಪರದೇಶದಲ್ಲಿ ಫಲವತ್ತಾದ ಹೆಸರು.

ಈ ಕಥೆಯಲ್ಲಿ ಗಡಿನಾಡಿನವರಾದ ನಮಗೆ ವಿಶೇಷವಾಗಿ ತಾಗುವ ಒಂದು ಸ್ಥಳವಿದೆ. ಧಾನ್ಯ ಕೊಳ್ಳಲು ಬಂದ ಅಣ್ಣಂದಿರು ಐಗುಪ್ತದ ಅಧಿಕಾರಿಯ ವೇಷದಲ್ಲಿದ್ದ ತಮ್ಮನನ್ನು ಗುರುತಿಸಲಾರದೆ, ಅವನ ಎದುರಿನಲ್ಲಿಯೇ ತಮ್ಮ ಮಾತಿನಲ್ಲಿ ತಮ್ಮ ಹಳೆಯ ಪಾಪವನ್ನು ನೆನೆದು ಒಬ್ಬರನ್ನೊಬ್ಬರು ದೂರಿಕೊಳ್ಳುತ್ತಾರೆ. ನಡುವೆ ದುಭಾಷಿಯೊಬ್ಬನು ನಿಂತಿರುವುದರಿಂದ ಈ ದೊರೆಗೆ ತಮ್ಮ ಮಾತು ತಿಳಿಯದೆಂದೇ ಅವರ ನಂಬಿಕೆ. ಅವನಾದರೋ ಪ್ರತಿಯೊಂದು ಪದವನ್ನೂ ಕೇಳಿಸಿಕೊಂಡು, ಮುಖ ತಿರುಗಿಸಿ ಅತ್ತ ಹೋಗಿ ಅತ್ತು, ಮುಖ ಗಟ್ಟಿಮಾಡಿಕೊಂಡು ಹಿಂದಿರುಗಿ ಬಂದು, ಮತ್ತೆ ದುಭಾಷಿಯ ಮೂಲಕವೇ ಮಾತನ್ನು ಮುಂದುವರಿಸುತ್ತಾನೆ. ಸಂತೆಯಲ್ಲಿ ಮರಾಠಿ ಆಡಿ ಮನೆಯಲ್ಲಿ ಕನ್ನಡ ಆಡುವ, ಎರಡನ್ನೂ ಬಲ್ಲೆವೆಂದು ಎಲ್ಲೆಡೆಯೂ ತೋರಿಸಿಕೊಳ್ಳದ ನಮ್ಮ ಕಡೆಯ ಜನರಿಗೆ ಈ ಸನ್ನಿವೇಶದ ಇಕ್ಕಟ್ಟು ವಿವರಿಸಬೇಕಾದುದಲ್ಲ.

ಹೀಬ್ರೂ ಶ್ರುತಿಯಲ್ಲಿ ಈ ಮೊದಲಿಗನ ತರುವಾಯ ಬಹುಕಾಲ ಆ ಹೆಸರನ್ನು ಹೊತ್ತ ವ್ಯಕ್ತಿಗಳು ವಿರಳ. ಮೋಶೆ ಕಾನಾನಿಗೆ ಕಳುಹಿಸಿದ ಗೂಢಚಾರರಲ್ಲಿ ಒಬ್ಬನಾದ ಇಗಾಲನ ತಂದೆ ಒಬ್ಬ ಯೋಸೇಫ. ದಾವೀದನ ಕಾಲದ ಗಾಯಕರಲ್ಲಿ ಆಸಾಫನ ಮಗನೊಬ್ಬ ಯೋಸೇಫ. ಬಾಬೆಲಿನ ಸೆರೆಯಿಂದ ಹಿಂದಿರುಗಿದವರ ಪಟ್ಟಿಗಳಲ್ಲಿ ಒಬ್ಬಿಬ್ಬರು. ಆದರೆ ಅದೇ ಅವಧಿಯಲ್ಲಿ ಹೆಸರು ವ್ಯಕ್ತಿಯಿಂದ ಕುಲಕ್ಕೆ, ಕುಲದಿಂದ ರಾಷ್ಟ್ರಕ್ಕೆ ಹಬ್ಬಿತು. ಎಫ್ರಾಯೀಮ್ ಮನಸ್ಸೆಗಳೆಂಬ ಎರಡು ಕುಲಗಳು ‘ಯೋಸೇಫನ ಮನೆತನ’ವೆನಿಸಿದವು, ಪ್ರವಾದಿಯಾದ ಆಮೋಸನು ಉತ್ತರದ ರಾಜ್ಯವನ್ನೇ ಯೋಸೇಫನೆಂದು ಸಂಬೋಧಿಸಿದನು. ಸೆರೆಯ ಕಾಲದ ಅನಂತರವಾದರೋ ಹೆಸರು ಮತ್ತೆ ಮನೆಮನೆಗಳಿಗೆ ಬಂದು ಎಷ್ಟು ಬೆಳೆಯಿತೆಂದರೆ, ಕ್ರಿಸ್ತನ ಕಾಲದ ಆಚೀಚಿನ ಶತಮಾನಗಳಲ್ಲಿ ಪ್ಯಾಲೆಸ್ಟೈನಿನ ಯೆಹೂದಿ ಪುರುಷರಲ್ಲಿ ಸೀಮೋನನ ತರುವಾಯ ಅತಿ ಸಾಮಾನ್ಯವಾದ ಹೆಸರು ಇದೇ ಎಂದು ಶಾಸನಗಳನ್ನೂ ಗ್ರಂಥಗಳನ್ನೂ ಎಣಿಸಿ ನೋಡಿದ ವಿದ್ವಾಂಸರು ನಿರ್ಣಯಿಸಿದ್ದಾರೆ. ಯೇಸುವಿನ ವಿಚಾರಣೆ ನಡೆಸಿದ ಮಹಾಯಾಜಕ ಕಾಯಫನ ನಿಜನಾಮವೂ ಯೋಸೇಫನೇ ಎಂದು ಚರಿತ್ರಕಾರ ಜೋಸೀಫಸನು ಬರೆದಿದ್ದಾನೆ. ಆ ಚರಿತ್ರಕಾರನ ಹೆಸರೂ ಅದೇ.

ಹೀಗಿರುವುದರಿಂದ ಹೊಸ ಒಡಂಬಡಿಕೆಯಲ್ಲಿ ಯೋಸೇಫರು ಒಬ್ಬರ ಹಿಂದೊಬ್ಬರು ಬರುವುದು ಆಶ್ಚರ್ಯವಲ್ಲ. ಯೇಸುವಿನ ಶವವನ್ನು ಪಿಲಾತನಿಂದ ಬೇಡಿ ತಂದು ತನ್ನ ಹೊಸ ಸಮಾಧಿಯಲ್ಲಿ ಇರಿಸಿದ ಅರಿಮಥಾಯದ ಯೋಸೇಫನು, ಯೂದನಿಂದ ತೆರವಾದ ಸ್ಥಾನಕ್ಕೆ ಚೀಟಿ ಹಾಕಿದಾಗ ಮತ್ತೀಯನಿಗೆ ಸೋತ ಬಾರ್ಸಬ್ಬನೆಂಬ ಯೋಸೇಫನು, ಹೊಲವನ್ನು ಮಾರಿ ಹಣವನ್ನು ಅಪೊಸ್ತಲರ ಪಾದದಲ್ಲಿಟ್ಟ ಸೈಪ್ರಸ್ ದ್ವೀಪದ ಲೇವಿಯನಾದ, ಬಾರ್ನಬನೆಂದೇ ಪ್ರಸಿದ್ಧನಾದ ಯೋಸೇಫನು, ಯೇಸುವಿನ ಸಹೋದರರಲ್ಲಿ ಒಬ್ಬನಾದ ಯೋಸೆಯು: ಇವರೆಲ್ಲರೂ ಒಂದೊಂದು ಗಳಿಗೆ ಕಾಣಿಸಿ ಮರೆಯಾಗುವವರು. ಮರಿಯಳ ಪತಿಯಾದ ಯೋಸೇಫನ ಮಾತು ಬೇರೆ. ಮತ್ತಾಯನು ಈತನ ತಂದೆಯ ಹೆಸರು ಯಾಕೋಬನೆನ್ನುತ್ತಾನೆ, ಲೂಕನು ಹೇಲಿಯೆನ್ನುತ್ತಾನೆ. ಈ ಭೇದವನ್ನು ಸರಿದೂಗಿಸಲು ಪ್ರಾಚೀನ ಟೀಕಾಕಾರರು ಬಹಳ ಶ್ರಮಪಟ್ಟರು. ನನಗೆ ಕಾಣುವಂತೆ ಮತ್ತಾಯನ ಲಕ್ಷ್ಯವೆಲ್ಲ ಹಳೆಯ ಕಥೆಯ ಮೇಲಿದೆ. ಅವನ ಯೋಸೇಫನೂ ಯಾಕೋಬನ ಮಗ. ಅವನಿಗೂ ದೇವರ ಅಪ್ಪಣೆಯಾಗುವುದು ಕನಸುಗಳಲ್ಲಿ, ಅದೂ ನಾಲ್ಕು ಸಲ. ಅವನೂ ಪ್ರಾಣಭಯದಿಂದ ಐಗುಪ್ತಕ್ಕೆ ಹೋಗಿ ಒಂದು ಜೀವವನ್ನು ಉಳಿಸುತ್ತಾನೆ. ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲಾದರೂ ಈತನು ಬಾಯಿ ಬಿಟ್ಟು ಆಡಿದ ಮಾತೊಂದೂ ದಾಖಲಾಗಿಲ್ಲ. ಇಂತಹ ಮೌನಿಯನ್ನು 1870ರಲ್ಲಿ ಒಂಬತ್ತನೆಯ ಪಯಸ್ ಪೋಪನು ಸಾರ್ವತ್ರಿಕ ಧರ್ಮಸಭೆಯ ಪಾಲಕನೆಂದು ಘೋಷಿಸಿದ ಮೇಲೆ, ಕಥೋಲಿಕರ ವಿದ್ಯಾಲಯಗಳಿಗೂ ಮಂದಿರಗಳಿಗೂ ಈತನ ಹೆಸರು ವಿಪುಲವಾಗಿ ಬಂದಿತು. ಮಂಗಳೂರಿನ ಜೆಪ್ಪುವಿನ ಸೆಮಿನರಿ 1879ರದು, ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರದು. ಮೈಸೂರಿನಲ್ಲಿ ಜನರೆಲ್ಲರೂ ಸಂತ ಫಿಲೋಮಿನಳದೆಂದು ಹೇಳುವ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮಹಾದೇವಾಲಯದ ಪೂರ್ಣನಾಮದಲ್ಲಿಯೂ ಸಂತ ಯೋಸೇಫನಿದ್ದಾನೆ. ಹೆಸರು ಹೇಳುವಾಗ ಅವನನ್ನು ಬಿಟ್ಟುಬಿಡುವುದು ಜನರಿಗೆ ರೂಢಿಯಾಗಿದೆ.

ಕುರಾನಿನಲ್ಲಿ ಯೂಸುಫನು ಪ್ರವಾದಿ. ಹನ್ನೆರಡನೆಯ ಸೂರಾ ಆತನ ಹೆಸರಿನದೇ. ಅದರ 111 ಆಯತುಗಳಲ್ಲಿ ಆತನ ಚರಿತ್ರೆ ಆದಿಯಿಂದ ಅಂತ್ಯದವರೆಗೆ ಒಂದೇ ಧಾರೆಯಾಗಿ ಹರಿದಿದೆ. ಮಿಕ್ಕ ಪ್ರವಾದಿಗಳ ವೃತ್ತಾಂತಗಳು ಅನೇಕ ಸೂರಾಗಳಲ್ಲಿ ಚದುರಿರುವಾಗ ಇದೊಂದು ಮಾತ್ರ ಇಡಿಯಾಗಿ ನಿಂತಿದೆ. ವೃತ್ತಾಂತಗಳಲ್ಲೆಲ್ಲ ಅತ್ಯುತ್ತಮವಾದುದೆಂದು ಆ ಗ್ರಂಥವೇ ಇದನ್ನು ಕರೆದಿದೆ. ಹೀಬ್ರೂ ಕಥೆಗಿಂತ ಇಲ್ಲಿ ಎರಡು ಅಂಶಗಳು ಹೆಚ್ಚು ಪ್ರಕಾಶಕ್ಕೆ ಬಂದಿವೆ. ಒಂದು, ಯೂಸುಫನ ಸೌಂದರ್ಯ: ಹಣ್ಣು ಕತ್ತರಿಸಲು ಚೂರಿ ಹಿಡಿದಿದ್ದ ನಗರದ ಸ್ತ್ರೀಯರು ಆತನನ್ನು ಕಂಡ ಕ್ಷಣದಲ್ಲಿ ಮೈಮರೆತು ತಮ್ಮ ಕೈಗಳನ್ನೇ ಗಾಯಪಡಿಸಿಕೊಂಡರು. ಇನ್ನೊಂದು, ಅಗಲಿಕೆಯ ದುಃಖದಿಂದ ಕುರುಡನಾಗಿದ್ದ ತಂದೆ ಯಾಕೂಬನ ಮುಖದ ಮೇಲೆ ಮಗನ ಅಂಗಿಯನ್ನು ಹಾಕಿದೊಡನೆ ಕಣ್ಣು ಮರಳಿ ಬಂದುದು. ಯೂಸುಫನನ್ನು ಕೊಂಡ ಐಗುಪ್ತದ ಅಧಿಕಾರಿಯಾದ ಅಜೀಜನ ಹೆಂಡತಿಗೆ ಕುರಾನು ಹೆಸರನ್ನು ಕೊಟ್ಟಿಲ್ಲ. ಜುಲೈಖಾ ಎಂಬ ಹೆಸರಿಟ್ಟು, ಆಕೆಯ ಅನುರಾಗವನ್ನು ದೈವಪ್ರೇಮದ ಸೋಪಾನವೆಂಬಂತೆ ಬೆಳೆಯಿಸಿ ಪ್ರಸಿದ್ಧಿಗೊಳಿಸಿದವರು ಪಾರಸಿಯ ಕವಿಗಳು. ಅವರಲ್ಲಿ ಅಗ್ರಗಣ್ಯನಾದ ಜಾಮಿಯ ಕಾವ್ಯ 1483ರದು.

ಇನ್ನು ಈ ಹೆಸರು ನಮ್ಮ ಕಡೆಗೆ ಬಂದ ದಾರಿ. ದಕ್ಷಿಣಾಪಥಕ್ಕೆ ಅದು ಮೊದಲು ಬಂದದ್ದು ದಂಡಿನ ಸಂಗಡವಲ್ಲ, ವ್ಯಾಪಾರಿಗಳ ಹಡಗಿನಲ್ಲಿ. ಇದನ್ನು ಒತ್ತಿ ಹೇಳಬೇಕಾಗಿದೆ. ಸುಮಾರು ಕ್ರಿ.ಶ. 1000ದಲ್ಲಿ ಚೇರದೊರೆ ಭಾಸ್ಕರರವಿಯು ಮುಯಿರಿಕ್ಕೋಡಿನಿಂದ ಹೊರಡಿಸಿದ ತಾಮ್ರಶಾಸನದಲ್ಲಿ ‘ಇಸ್ಸುಪ್ಪು ಇರಪ್ಪಾನ್’ ಎಂಬ ಯೆಹೂದಿ ಪ್ರಮುಖನಿಗೆ ಎಪ್ಪತ್ತೆರಡು ಹಕ್ಕುಗಳನ್ನು ದತ್ತಿಯಾಗಿ ಕೊಟ್ಟ ವಿಷಯವಿದೆ. ಪಲ್ಲಕ್ಕಿ, ಕೊಡೆ, ಹಗಲು ದೀವಟಿಗೆ, ವಾದ್ಯ, ಸುಂಕದ ಮಾಫಿ ಮುಂತಾದುವು ಅವುಗಳಲ್ಲಿ ಸೇರಿವೆ. ಇಂದಿಗೂ ಕೊಚ್ಚಿಯ ಯೆಹೂದಿ ಮಂದಿರದ ಸ್ವತ್ತಾಗಿರುವ ಆ ತಗಡುಗಳಲ್ಲಿ ‘ಯೋಸೇಫ’ನು ‘ಇಸ್ಸುಪ್ಪು’ ಆಗಿರುವುದನ್ನು ನೋಡಿ, ಬ್ಯಾರಿಗಳ ‘ಇಸುಬು’ವನ್ನು ಕೇಳಿದರೆ, ಕರಾವಳಿಯ ಬಾಯಿ ಸಾವಿರ ವರ್ಷಗಳಿಂದ ಈ ಹೆಸರನ್ನು ಒಂದೇ ಬಗೆಯಾಗಿ ತಿರುಗಿಸಿಕೊಂಡಿದೆಯೆಂಬುದು ಸ್ಪಷ್ಟವಾಗುತ್ತದೆ. ಸಹ್ಯಾದ್ರಿಯ ಆಚೆ ಕೊಂಕಣದ ಬೆನೆ ಇಸ್ರೇಲ್ ಯೆಹೂದಿಗಳು ಅದನ್ನೇ ಮರಾಠಿಯ ಗೌರವಪ್ರತ್ಯಯ ಹಚ್ಚಿ ‘ಇಸುಬಜಿ’ ಎಂದುಕೊಂಡರು.

ಕನ್ನಡ ಕರಾವಳಿಗೆ ಸಂಬಂಧಿಸಿದ ದಾಖಲೆ 12ನೆಯ ಶತಮಾನದ್ದು. 1132ರಿಂದ 1149ರವರೆಗೆ ಬಹುತೇಕ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿಗೆ ಏಡನ್ನಿನಿಂದ ಬರುತ್ತಿದ್ದ ಪತ್ರಗಳು ಕೈರೋದ ಒಂದು ಪ್ರಾರ್ಥನಾಮಂದಿರದ ಕಾಗದದ ಕಣಜದಲ್ಲಿ ಉಳಿದುಬಂದಿವೆ. ಆ ಪತ್ರಗಳನ್ನು ಬರೆದವರಲ್ಲಿ ಬೇರೊಬ್ಬ ಅಬ್ರಹಾಮನ ಮಗನಾದ ಯೋಸೇಫನೆಂಬ ಏಡನ್ನಿನ ವರ್ತಕನೊಬ್ಬನು. ಏಲಕ್ಕಿ, ಕಬ್ಬಿಣ, ಅಡಿಕೆಗಳ ಲೆಕ್ಕಗಳ ನಡುವೆ ಅವನ ಹೆಸರು ಮಂಗಳೂರಿನ ಬಂದರಿನಲ್ಲಿ ಉಚ್ಚರಿಸಲ್ಪಟ್ಟಿತು. ಬೆನ್ ಯಿಜುವಿನ ಸ್ವಂತ ಸಹೋದರನೊಬ್ಬನ ಹೆಸರೂ ಯೂಸುಫ್. ಸಿಸಿಲಿಯಲ್ಲಿದ್ದ ಆ ಸಹೋದರನಿಗೆ, ಭಾರತದಿಂದ ಹಿಂದಿರುಗಿದ ಮೇಲೆ ಕಾಗದ ಬರೆದು, ಆತನ ಮಗನಿಗೇ ಬೆನ್ ಯಿಜು ತನ್ನ ಮಗಳನ್ನು ಕೊಟ್ಟನು. ಅಗಲಿದ ಸಹೋದರರ ಮನೆತನಗಳು ದೇಶಾಂತರದ ತರುವಾಯ ಕೂಡಿಕೊಂಡ ಈ ಕಥೆಯಲ್ಲಿ ಯೂಸುಫನು ಮನೆಯ ಕಡೆಗೆ ಉಳಿದವನು, ಹೊರಟುಹೋದವನಲ್ಲ.

ಘಟ್ಟದ ಮೇಲಿನ ನಾಡಿಗೆ ಹೆಸರು ಬಂದುದು ಸೂಫಿಗಳೊಡನೆ ಮತ್ತು ಬಹಮನಿ ದರಬಾರಿನೊಡನೆ. ಕಲಬುರ್ಗಿಯ ಖಾಜಾ ಬಂದೇನವಾಜರ ತಂದೆ, ಖುಲ್ದಾಬಾದಿನಲ್ಲಿ ಸಮಾಧಿಸ್ಥರಾದ ಸೈಯದ್ ಯೂಸುಫರು. ಮುಂದೆ ಬೀದರ ರಾಜಧಾನಿಯಾದ ಕಾಲದಲ್ಲಿ ನಡೆದ ಒಂದು ಸಂಗತಿ ಬಹಳ ಸ್ವಾರಸ್ಯದ್ದು. 1470ರ ಆಚೀಚೆಗೆ ಬೀದರಿಗೆ ಬಂದ ರಷಿಯದ ವರ್ತಕ ಅಫನಾಸಿ ನಿಕಿತಿನ್, ಕ್ರೈಸ್ತನಾಗಿದ್ದೂ ಈ ನಾಡಿನಲ್ಲಿ ಓಡಾಡುವ ಸಲುವಾಗಿ ಮುಸಲ್ಮಾನನ ಹೆಸರೊಂದನ್ನು ಧರಿಸಬೇಕಾಯಿತು. ಆಗ ಅವನಿಗೆ ಇದ್ದ ಹೆಸರು ‘ಖೋಜಾ ಇಸೂಫ್ ಖುರಾಸಾನಿ’ ಎಂದು ಅವನೇ ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ತನ್ನ ಹಬ್ಬಹುಣ್ಣಿಮೆಗಳ ಲೆಕ್ಕವನ್ನು ಕಳೆದುಕೊಂಡು, ತನ್ನ ಉಪವಾಸಗಳು ತಪ್ಪುತ್ತಿವೆಯೆಂದು ವ್ಯಥೆಪಡುತ್ತ, ದೂರದ ನಾಡಿನಲ್ಲಿ ಒಂಟಿಯಾಗಿ ತಿರುಗಿದ ಈ ಮನುಷ್ಯನಿಗೆ ಹೊಂದಿಕೊಂಡ ಹೆಸರು ಯೋಸೇಫನದಾದುದು ಎಷ್ಟರಮಟ್ಟಿಗೆ ಆಕಸ್ಮಿಕವೋ ಹೇಳಲಾಗದು.

ಅದೇ ವರ್ಷಗಳಲ್ಲಿ ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ ಗವಾನನ ಆಶ್ರಯದಲ್ಲಿ ಏಳುತ್ತಿದ್ದ ಇನ್ನೊಬ್ಬ ಯೂಸುಫನು ನಮ್ಮ ಸೀಮೆಯ ಚರಿತ್ರೆಯನ್ನೇ ತಿರುಗಿಸಿದವನು. ಬಿಜಾಪುರದ ಆದಿಲಶಾಹಿಯನ್ನು 1490ರ ಸುಮಾರಿಗೆ ಸ್ಥಾಪಿಸಿದ ಯೂಸುಫ ಆದಿಲಖಾನನೇ ಅವನು. ಅವನ ವಂಶದವರ ಆಳ್ವಿಕೆಯಲ್ಲಿಯೇ ಬೆಳಗಾವಿ, ರಾಯಬಾಗ, ಅಥಣಿಗಳು ಬಿಜಾಪುರದಿಂದ ಪಡುವಣ ಕಡಲಿಗೆ ಹೋಗುವ ಸರಕಿನ ದಾರಿಯ ಠಾಣ್ಯಗಳಾಗಿ ಬೆಳೆದುವು. ಈತನ ಜನ್ಮವೃತ್ತಾಂತವನ್ನು ಬಿಜಾಪುರದಲ್ಲಿಯೇ ಕುಳಿತು, ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ, 17ನೆಯ ಶತಮಾನದ ಆರಂಭದಲ್ಲಿ ಬರೆದ ಫೆರಿಷ್ತಾ ಕೊಟ್ಟಿರುವ ಬಗೆ ಹೀಗಿದೆ. ಯೂಸುಫನು ತುರ್ಕಿಯ ಸುಲ್ತಾನ ಎರಡನೆಯ ಮುರಾದನ ಮಗ. 1451ರಲ್ಲಿ ತಂದೆ ತೀರಿಕೊಂಡು ಅಣ್ಣನಾದ ಮಹಮ್ಮದನು ಪಟ್ಟವೇರಿದಾಗ, ದಾಯಾದಿಗಳೆಲ್ಲರನ್ನೂ ಕೊಲ್ಲಿಸುವ ಕ್ರಮಕ್ಕೆ ಹೆದರಿದ ತಾಯಿಯು ಒಬ್ಬ ವರ್ತಕನನ್ನು ರಹಸ್ಯವಾಗಿ ಕರೆಯಿಸಿ, ಮಗನನ್ನು ಹೋಲುವ ಗುಲಾಮ ಹುಡುಗನನ್ನು ಕೊಂಡು ಅವನನ್ನು ಬಲಿಗೊಟ್ಟು, ಮಗನನ್ನು ವರ್ತಕನ ವಶಕ್ಕೆ ಒಪ್ಪಿಸಿದಳು. ಪಾರಸಿಯ ಸಾವಾ ಪಟ್ಟಣದಲ್ಲಿ ಅಜ್ಞಾತನಾಗಿ ಬೆಳೆದ ಹುಡುಗನು, ಹಿಂದೂಸ್ತಾನಕ್ಕೆ ಹೋದರೆ ಅಭ್ಯುದಯವುಂಟೆಂಬ ಸ್ವಪ್ನವಾಣಿಯನ್ನು ನಂಬಿ, ದಾಭೋಳದ ಬಂದರಿನಲ್ಲಿ ಇಳಿದು, ಬೀದರಿನಲ್ಲಿ ಗುಲಾಮನಾಗಿ ಮಾರಲ್ಪಟ್ಟು, ಮಂತ್ರಿಯ ಮೆಚ್ಚುಗೆ ಪಡೆದು, ಕೊನೆಗೆ ರಾಜ್ಯಕ್ಕೆ ಒಡೆಯನಾದನು. ರೂಪವಂತನೂ ವಾಗ್ಮಿಯೂ ಸಂಗೀತಜ್ಞನೂ ಆಗಿದ್ದನೆಂದು ಫೆರಿಷ್ತಾ ಸೇರಿಸುತ್ತಾನೆ.

ಈ ಕಥೆಯ ಸತ್ಯಾಸತ್ಯತೆಯನ್ನು ಕುರಿತು ನಡೆದ ವಾದ ದೀರ್ಘವಾದುದು. ಸಮಕಾಲೀನ ಸಾಕ್ಷ್ಯವೊಂದೂ ಇದಕ್ಕಿಲ್ಲ. ಬಿಜಾಪುರದ ಸೇವೆಯಲ್ಲಿಯೇ ಇದ್ದ ರಫೀಉದ್ದೀನ್ ಶಿರಾಜಿಯು ಯೂಸುಫನನ್ನು ಸಾವಾದ ತುರ್ಕಮಾನ್ ಅಧಿಕಾರಿಯೊಬ್ಬನ ಮನೆತನಕ್ಕೆ ಸೇರಿಸುತ್ತಾನೆ. ಇತಿಹಾಸಜ್ಞರ ಒಲವು ಇಂದು ಆ ಕಡೆಗಿದೆ. ಪೋರ್ತುಗೀಸರು ಬಿಜಾಪುರದ ದೊರೆಯನ್ನು ‘ಸಬಾಯೊ’ ಎಂದು ಕರೆದದ್ದೂ ಸಾವಾ ಪಟ್ಟಣದ ನಂಟಿಗೆ ಪುಷ್ಟಿ ಕೊಡುತ್ತದೆ. ಹಾಗಾದರೆ ಫೆರಿಷ್ತಾನ ಕಥೆಯನ್ನು ಆಸ್ಥಾನದ ಮುಖಸ್ತುತಿಯೆಂದು ತಳ್ಳಿಬಿಡುವುದೇ? ಅಷ್ಟಕ್ಕೇ ತೃಪ್ತರಾದವರು ಕಥೆಯ ಎಲುಬನ್ನು ನೋಡಲಿಲ್ಲವೆಂದು ನಾನು ಹೇಳುತ್ತೇನೆ. ಅಣ್ಣನಿಂದ ಪ್ರಾಣಭಯ, ವರ್ತಕರ ಕೈಗೆ ಒಪ್ಪಿಸಲ್ಪಡುವುದು, ಸತ್ತನೆಂಬ ಸುಳ್ಳುಸುದ್ದಿ, ಕನಸು, ಪರದೇಶದಲ್ಲಿ ಗುಲಾಮನಾಗಿ ವಿಕ್ರಯ, ಅಧಿಕಾರಿಯ ಮನೆಯಲ್ಲಿ ಏಳಿಗೆ, ಸೌಂದರ್ಯ, ಕಡೆಗೆ ಪ್ರಭುತ್ವ: ಇವುಗಳಲ್ಲಿ ಒಂದನ್ನಾದರೂ ಸೂರಾ ಯೂಸುಫನ್ನು ಬಾಯಿಪಾಠ ಬಲ್ಲ ಶ್ರೋತೃವು ಗುರುತಿಸದೆ ಇರುತ್ತಿದ್ದನೇ? ರಾಜ್ಯದ ಮೂಲಪುರುಷನಿಗೆ ಯೂಸುಫನೆಂಬ ಹೆಸರಿತ್ತು. ಹೆಸರಿಗೆ ಒಂದು ಪವಿತ್ರ ಕಥೆಯಿತ್ತು. ನೂರು ವರ್ಷಗಳ ನೆನಪಿನಲ್ಲಿ ವ್ಯಕ್ತಿಯ ಚರಿತ್ರೆಯು ಹೆಸರಿನ ಕಥೆಯ ಕಡೆಗೆ ಮೆಲ್ಲನೆ ಬಾಗಿತು. ಸಾವಾದ ಅಪ್ರಸಿದ್ಧ ಸಾಹಸಿಯು ನಿಜವಾಗಿಯೂ ದೇಶ ಬಿಟ್ಟು ಬಂದು, ನಿಜವಾಗಿಯೂ ಅನ್ಯರ ಸೇವೆಯಲ್ಲಿ ಮೇಲೇರಿದ್ದರಿಂದ ಆ ಬಾಗುವಿಕೆಗೆ ಆಸ್ಪದವಿತ್ತು. ಇದನ್ನು ಸುಳ್ಳೆನ್ನುವುದಕ್ಕಿಂತ, ಒಂದು ಹೆಸರನ್ನು ಜನರು ಓದಿಕೊಂಡ ರೀತಿ ಎನ್ನುವುದು ಹೆಚ್ಚು ನ್ಯಾಯವಾದುದು.

ಇನ್ನೊಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶ್ರುತಿಯ ವಂಶಾವಳಿಯಲ್ಲಿ ಅಬ್ರಹಾಮನು ಮೊದಲು, ಇಷ್ಮಾಯೇಲನು ಅವನ ಮಗ, ಯೋಸೇಫನು ಅಬ್ರಹಾಮನ ಮರಿಮಗ. ಬಿಜಾಪುರದ ಸಿಂಹಾಸನದ ಮೇಲೆ ಅದೇ ಹೆಸರುಗಳು ಹಿಂದುಮುಂದಾಗಿ ಇಳಿದುಬಂದುವು: ಯೂಸುಫ, ಅವನ ಮಗ ಇಸ್ಮಾಯಿಲ್, ಅವನ ಮಗ ಇಬ್ರಾಹಿಂ. ನಡುವೆ 1534ರಲ್ಲಿ ಕೆಲವೇ ತಿಂಗಳು ಆಳಿ ಪದಚ್ಯುತನಾದ ಮಲ್ಲೂಖಾನನೊಬ್ಬನೇ ಈ ಸರಣಿಗೆ ಹೊರಗಿನವನು. ಇಸ್ಮಾಯಿಲನ ತಾಯಿಯು ಮುಕುಂದರಾಯನೆಂಬ ಮರಾಠಾ ನಾಯಕನ ಸಹೋದರಿ. ಮದುವೆಯ ತರುವಾಯ ಬೂಬೂಜಿ ಖಾನಂ ಎನಿಸಿಕೊಂಡವಳು. ಯೋಸೇಫನಿಗೆ ಐಗುಪ್ತದ ಪುರೋಹಿತನ ಮಗಳಾದ ಆಸನತ್ ಹೆಂಡತಿಯಾದಂತೆ, ಈ ಯೂಸುಫನೂ ಬಂದ ನಾಡಿನ ಹೆಣ್ಣನ್ನೇ ವರಿಸಿ ಆ ನಾಡಿನವನಾದನು. 1510ರಲ್ಲಿ ತೀರಿಕೊಂಡ ಆತನನ್ನು ಬಿಜಾಪುರದಲ್ಲಿ ಹೂಳದೆ, ಈಗಿನ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ತಾನು ಗೌರವಿಸುತ್ತಿದ್ದ ಚಂದಾ ಹುಸೇನಿ ಎಂಬ ಸಂತನ ದರ್ಗಾದ ಆವರಣದಲ್ಲಿ ಸಮಾಧಿ ಮಾಡಿದರು. ಮಗನನ್ನೂ ಮೊಮ್ಮಗನನ್ನೂ ಆ ಬಳಿಯಲ್ಲಿಯೇ ಇರಿಸಿದರು. ಗೋಲಗುಮ್ಮಟವನ್ನು ನೋಡಲು ಹೋಗುವವರ ಸಂಖ್ಯೆಯ ಒಂದು ಅಂಶದಷ್ಟಾದರೂ ಜನ ಗೋಗಿಗೆ ಹೋಗಬೇಕೆಂಬುದು ನನ್ನ ಹೃತ್ಪೂರ್ವಕವಾದ ಆಸೆ.

ಯೂಸುಫನು ಕಟ್ಟಿದ ರಾಜ್ಯವು 1686ರಲ್ಲಿ ಔರಂಗಜೇಬನ ವಶವಾಯಿತು. ಅದಾದ ಎರಡೇ ವರ್ಷಗಳಲ್ಲಿ, 1688ರಲ್ಲಿ, ಬಿಜಾಪುರದ ಕುರುಡ ಕವಿ ಹಾಶ್ಮಿಯು ದಖನಿ ಭಾಷೆಯಲ್ಲಿ ‘ಯೂಸುಫ ಜುಲೈಖಾ’ ಎಂಬ ದೀರ್ಘ ಮಸ್ನವಿಯನ್ನು ಪೂರೈಸಿದನು. ಕಾವ್ಯವಸ್ತು ಜಾಮಿಯ ಕಾಲದಿಂದ ಪ್ರಸಿದ್ಧವಾಗಿದ್ದುದೇ. ಅದೂ ಅಲ್ಲದೆ ಜಾಮಿಗೂ ಬೀದರಿನ ಮಹಮೂದ ಗವಾನನಿಗೂ ಪತ್ರವ್ಯವಹಾರವಿದ್ದುದರಿಂದ ದಖನ್ನಿಗೆ ಆ ಕವಿಯ ನಂಟು ಹಳೆಯದು. ಆದರೂ ಮಗನ ಅಂಗಿಯಿಂದ ಕುರುಡು ಕಳೆದುಕೊಂಡ ಯಾಕೂಬನ ಕಥೆಯನ್ನು ಕಣ್ಣಿಲ್ಲದ ಕವಿಯೊಬ್ಬನು, ದೊರೆಯಿಲ್ಲದ ರಾಜಧಾನಿಯ ಕಾಲದಲ್ಲಿ, ಊರಿನವರು ಮನೆಯಲ್ಲಿ ಆಡುವ ಮಾತಿನಲ್ಲಿ ಹಾಡಿದನೆಂಬುದನ್ನು ನೆನೆದರೆ ದಖನಿ ಸಾಹಿತ್ಯವನ್ನು ನಾವು ಕನ್ನಡಿಗರು ಎಷ್ಟು ಅಲಕ್ಷಿಸಿದ್ದೇವೆಂದು ಖೇದವಾಗುತ್ತದೆ. ನಮ್ಮ ನೆಲದಲ್ಲಿಯೇ ಹುಟ್ಟಿದ ಈ ಕಾವ್ಯಕ್ಕೆ ಕನ್ನಡದಲ್ಲಿ ಯೋಗ್ಯವಾದ ವಿಮರ್ಶೆ ಸಲ್ಲಬೇಕು.

ಹೆಸರಿನ ಕಡೆಗೆ ಬಾಳು ಬಾಗುವುದಕ್ಕೆ ಕ್ರೈಸ್ತರಲ್ಲಿಯೂ ನಿದರ್ಶನವಿದೆ. ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಪಾದ್ರಿಯು 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ, ಅಧಿಕಾರಗಳ ಪರಸ್ಪರ ಕಲಹದಿಂದ ಒಡೆದುಹೋಗಿದ್ದ ಸಭೆಗಳನ್ನು ಕೂಡಿಸುತ್ತ ಸಂಚರಿಸಿದನು. ಮಂಗಳೂರಿನ ಹತ್ತಿರದ ಮುಡಿಪಿನ ಗುಡ್ಡದಲ್ಲಿ ಅವನ ಸ್ಮರಣೆ ಇಂದಿಗೂ ಉಳಿದಿದೆ. ತರುವಾಯ 1687ರಲ್ಲಿ ಭಿಕ್ಷುಕನ ವೇಷದಲ್ಲಿ ಸಿಂಹಳಕ್ಕೆ ಹೋದವನನ್ನು ಕ್ಯಾಂಡಿಯ ದೊರೆಯು ಪೋರ್ತುಗೀಸರ ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಟ್ಟನು. ಮುಂದೆ ಅನಾವೃಷ್ಟಿಯುಂಟಾದಾಗ ಅವನ ಪ್ರಾರ್ಥನೆಯಿಂದ ಮಳೆ ಬಂದಿತೆಂದೂ ಅಂದಿನಿಂದ ದೊರೆಯ ಪ್ರಸಾದಕ್ಕೆ ಪಾತ್ರನಾದನೆಂದೂ ಪ್ರತೀತಿಯಿದೆ. ಪರದೇಶ, ಸೆರೆಮನೆ, ಬರ, ರಾಜಾನುಗ್ರಹ: ಐಗುಪ್ತದ ಕಥೆಯ ಕಂಬಗಳೇ ಇಲ್ಲಿಯೂ ನಿಂತಿವೆ. ಸೆರೆವಾಸವು ಚರಿತ್ರೆ, ಮಳೆಯ ಮಾತು ಭಕ್ತರ ಶ್ರದ್ಧೆ; ಎರಡನ್ನೂ ಬೆಸೆದು ಕೇಳುಗರಿಗೆ ಅರ್ಥವತ್ತಾಗಿಸಿದುದರಲ್ಲಿ ಹೆಸರಿನ ಪಾಲು ಇಲ್ಲವೆನ್ನಲಾಗದು. 1711ರಲ್ಲಿ ಕ್ಯಾಂಡಿಯಲ್ಲಿಯೇ ತೀರಿಕೊಂಡ ಈತನನ್ನು 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತನೆಂದು ಘೋಷಿಸಲಾಯಿತು. ಹಾಗೆಂದು ಪ್ರತಿಯೊಬ್ಬ ಯೂಸುಫನ ಹಿಂದೆಯೂ ಒಂದು ಬಾವಿಯನ್ನು ಹುಡುಕುವುದು ಅವಿವೇಕ. ಊರು ಬಿಡದೆ, ಕನಸು ಕಾಣದೆ, ಹೊಲವನ್ನೇ ನಂಬಿ ಬಾಳಿದ ಸಾವಿರಾರು ಯೂಸುಫರು ನಮ್ಮಲ್ಲಿ ಆಗಿಹೋಗಿದ್ದಾರೆ. ಕಥೆಯು ಹೆಸರಿನ ಸುತ್ತ ಬೆಳೆಯುವುದು, ಬಾಳಿನಲ್ಲಿ ಅದಕ್ಕೊಂದು ಕೊಂಬೆ ಸಿಕ್ಕಾಗ ಮಾತ್ರ.

ಬೆಳಗಾವಿ ಸೀಮೆಗೆ ಕನ್ನಡದ ‘ಯೋಸೇಫ’ ಎಂಬ ರೂಪವನ್ನು ತಂದವರು ಪ್ರೊಟೆಸ್ಟಂಟ್ ಮಿಷನರಿಗಳು. ಬಳ್ಳಾರಿಯಲ್ಲಿ 1810ರಿಂದ ನೆಲಸಿದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸನು ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ತೊಡಗಿದ್ದಾಗಲೇ, ಅದೇ ಮಿಷನಿನ ಜೋಸೆಫ್ ಟೇಲರನು 1820ರಲ್ಲಿ ಬೆಳಗಾವಿಗೆ ಬಂದು ಅಲ್ಲಿಯ ಕೆಲಸಕ್ಕೆ ಅಡಿಪಾಯ ಹಾಕಿದನು. 1904ರಲ್ಲಿ ಆ ಕ್ಷೇತ್ರವು ಅಮೆರಿಕದ ಮೆಥಡಿಸ್ಟರ ಕೈಸೇರಿದ ಮೇಲೆ ಜಿಲ್ಲೆಯ ಹಳ್ಳಿಗಳಲ್ಲಿ ಕ್ರೈಸ್ತ ಕುಟುಂಬಗಳು ಹೆಚ್ಚಿದುವು. ಅವರ ಮಕ್ಕಳಿಗೆ ಹೆಸರು ಬಂದುದು ಎರಡು ಬಾಗಿಲುಗಳಿಂದ: ಕನ್ನಡ ಬೈಬಲಿನಿಂದ ಬಂದವನು ಯೋಸೇಫ, ಮಿಷನರಿಯ ಬಾಯಿಂದ ಬಂದವನು ಜೋಸೆಫ್. ಕಥೋಲಿಕರ ಈಚಿನ ಅನುವಾದದಲ್ಲಿ ‘ಜೋಸೆಫ’ ಎಂಬ ಮೂರನೆಯ ರೂಪವೂ ಬಂದಿರುವುದರಿಂದ ಗ್ರಂಥದಿಂದ ಗ್ರಂಥಕ್ಕೆ ಹೋಗುವ ಓದುಗನಿಗೆ ತೊಡಕಾಗುತ್ತದೆ. ಎಲ್ಲವನ್ನೂ ಒಂದೇ ರೂಪಕ್ಕೆ ಇಳಿಸಬೇಕೆಂದು ವಾದಿಸುವವರಿದ್ದಾರೆ. ನನಗೆ ಅದು ಸಮ್ಮತವಲ್ಲ. ಪ್ರತಿಯೊಂದು ರೂಪವೂ ಬಂದ ದಾರಿಯ ಸಾಕ್ಷಿಯಾಗಿರುವಾಗ ಅವುಗಳನ್ನು ಅಳಿಸುವುದೆಂದರೆ ಸಾಕ್ಷ್ಯವನ್ನು ಅಳಿಸಿದಂತೆ. ಅಡಿಟಿಪ್ಪಣಿಯಲ್ಲಿ ಪರಸ್ಪರ ಸಂಬಂಧವನ್ನು ಸೂಚಿಸಿದರೆ ಸಾಕು.

ಈ ವಿಷಯದಲ್ಲಿ ಮುಂದೆ ಆಗಬೇಕಾದ ಕೆಲಸ ಬಹಳವಿದೆ. ಬೆಳಗಾವಿ ಜಿಲ್ಲೆಯವರೇ ಆದ ಶಂ. ಬಾ. ಜೋಶಿಯವರು ಎಡೆಗಳ ಹೆಸರುಗಳಿಂದ ಕನ್ನಡನಾಡಿನ ಕಥೆಯನ್ನು ಹೊರಡಿಸಿ ತೋರಿಸಿದರು. ಜನರ ಹೆಸರುಗಳಿಗೆ, ಅದರಲ್ಲಿಯೂ ಮುಸಲ್ಮಾನ, ಕ್ರೈಸ್ತ ಜನರ ಹೆಸರುಗಳಿಗೆ, ಅಂತಹ ಪರಿಶ್ರಮ ಇನ್ನೂ ಸಲ್ಲಬೇಕಾಗಿದೆ. ಕಾಜಿಗಳ ನಿಕಾಹ್ ದಫ್ತರಗಳು, ಇಗರ್ಜಿಗಳ ಸ್ನಾನದೀಕ್ಷೆಯ ಪುಸ್ತಕಗಳು, ಇನಾಮು ಜಮೀನಿನ ಹಳೆಯ ಮೋಡಿ ಲಿಪಿಯ ಕಾಗದಗಳು, ಶಾಲೆಗಳ ದಾಖಲಾತಿ ರಿಜಿಸ್ಟರುಗಳು, ಗೋರಿಗಳ ಮೇಲಿನ ಬರಹಗಳು, ಇವುಗಳಲ್ಲಿ ಯೂಸುಫ, ಇಸೂಫ, ಯೂಸೂಬ, ಯೋಸೇಫ, ಜೋಸೆಫರು ಯಾವ ಕಾಲದಲ್ಲಿ ಯಾವ ರೂಪದಿಂದ ಬರುತ್ತಾರೆ, ಕನ್ನಡದ ಅಪ್ಪ, ಅಣ್ಣಗಳೂ ಮರಾಠಿಯ ಜಿ, ರಾವ್‌ಗಳೂ ಆ ಹೆಸರಿಗೆ ಎಲ್ಲಿ ಹತ್ತುತ್ತವೆ ಎಂಬುದನ್ನು ಊರೂರಿನಲ್ಲಿ ಕುಳಿತು ಬರೆದುಕೊಳ್ಳಬೇಕು. ಮೋಡಿ ಓದಬಲ್ಲ ಹಿರಿಯರು ನಮ್ಮ ಗಡಿನಾಡಿನಲ್ಲಿ ವಿರಳವಾಗುತ್ತಿರುವುದರಿಂದ, ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳ ಕಾಗದಗಳಿಂದಲೇ ಈ ಕೆಲಸ ಮೊದಲಾಗುವುದು ಉಚಿತ.